ಒಂದೇ ಮ್ಯಾಚ್, ಮನೆಗೊಂದು ಪ್ರತಿ

"ಬೀದಿಯವರೆಲ್ಲ ನೋಡೋದು ಒಂದೇ ಮ್ಯಾಚ್. ಲೈನಿನಲ್ಲಿ ಒಂದು ಸಲ ಬಂದರೆ ಎಲ್ಲರಿಗೂ ಬಂದ ಹಾಗೆ. ಮತ್ಯಾಕೆ ಬಫರಿಂಗ್?" ಗುಂಡ್ಲುಪೇಟೆಯಿಂದ ತೆರಕಣಾಂಬಿ ಮೇಲೆ ಚಾಮರಾಜನಗರದವರೆಗೆ, ಡಿಶ್ ಬಿಟ್ಟು ಫೈಬರ್ ಹಾಕಿಸಿದವರಿಗೆ ಈ ಪ್ರಶ್ನೆ ಬರುವುದು ಸಹಜ. ಡಿಶ್‌ನ ಮಟ್ಟಿಗೆ ಅವರ ಲೆಕ್ಕ ಸರಿ. ನೋಡುವವರು ಎಷ್ಟೇ ಇರಲಿ, ಉಪಗ್ರಹದ ಮೇಲೆ ಹೊರೆ ಏರುವುದಿಲ್ಲ. ಆ್ಯಪ್‌ನಲ್ಲಿ ನೋಡುವಾಗ ಈ ಲೆಕ್ಕ ಪೂರ್ತಿ ತಪ್ಪು.

2025ರ ಜೂನ್ 3ರಂದು ಆರ್‌ಸಿಬಿ ಮೊದಲ ಐಪಿಎಲ್ ಕಪ್ ಗೆದ್ದ ರಾತ್ರಿಯನ್ನೇ ತೆಗೆದುಕೊಳ್ಳಿ. ಆ್ಯಪ್‌ನಲ್ಲಿ ನೋಡಿದ ಪ್ರತಿ ಟಿವಿಗೂ ಬಂದದ್ದು ಅದರದೇ ಬೇರೆ ಪ್ರತಿ. ಇದು ಯೂನಿಕಾಸ್ಟ್. ಎಚ್‌ಡಿ ಚಿತ್ರಕ್ಕೆ ಸುಮಾರು 5 ಎಂಬಿಪಿಎಸ್ ಎಂದಿಟ್ಟುಕೊಂಡರೆ 50 ಮನೆಗೆ 250 ಎಂಬಿಪಿಎಸ್. ಬೀದಿಯ ಫೈಬರ್‌ಗೆ ಇದು ಭಾರವಲ್ಲ. ಜಿಪಾನ್ ತಂತ್ರಜ್ಞಾನದಲ್ಲಿ 32 ಅಥವಾ 64 ಮನೆ ಸೇರಿ ಹಂಚಿಕೊಳ್ಳುವ ಒಂದು ಎಳೆಯಲ್ಲೇ ಸುಮಾರು 2.5 ಜಿಬಿಪಿಎಸ್ ಇಳಿಯುತ್ತದೆ. ಇಕ್ಕಟ್ಟಾಗುವುದು ಇಡೀ ಊರಿನ ಬೀದಿಗಳೆಲ್ಲ ಕೂಡಿ ಹೊರಹೋಗುವ ಮುಖ್ಯ ಲೈನಿನಲ್ಲಿ.

ಮಲ್ಟಿಕಾಸ್ಟ್‌ನಲ್ಲಿ ಆ ಲೈನಿನ ಮೇಲೆ ಚಾನೆಲ್ಲಿಗೆ ಒಂದೇ ಪ್ರತಿ. ನೀವು ಚಾನೆಲ್ ಒತ್ತಿದಾಗ ಸೆಟ್‌ಟಾಪ್ ಬಾಕ್ಸ್ ಐಜಿಎಂಪಿ ಎಂಬ ಸಂದೇಶದ ಮೂಲಕ "ಇದು ನನಗೂ ಬೇಕು" ಎನ್ನುತ್ತದೆ. ಕೇಳಿದ ಮನೆಗಳಿಗೆ ನಕಲು ಮಾಡಿ ಕೊಡುವುದು ಊರಿನ ಉಪಕರಣ. ಸ್ಟೀವ್ ಡೀರಿಂಗ್ ಇದರ ನಿಯಮಗಳನ್ನು ಬರೆದದ್ದು 1989ರಲ್ಲೇ. ಆದರೆ ದಾರಿಯ ರೂಟರ್‌ಗಳೆಲ್ಲ ಒಪ್ಪಿ ನಡೆದರೆ ಮಾತ್ರ ಇದು ಸಾಧ್ಯ. ಹಲವು ಕಂಪನಿಗಳ ಜಾಲಗಳು ಸೇರಿದ ಇಂಟರ್ನೆಟ್ಟಿನಲ್ಲಿ ಅದು ಕೈಗೂಡಲಿಲ್ಲ. ಹಾಗಾಗಿ ಮಲ್ಟಿಕಾಸ್ಟ್ ಉಳಿದಿರುವುದು ಒಂದೇ ಕಂಪನಿಯ ಸ್ವಂತ ಜಾಲದೊಳಗಿನ ಐಪಿಟಿವಿಯಲ್ಲಿ. ಬೇಕಾದಾಗ ನಿಲ್ಲಿಸಿ, ಹಿಂದಕ್ಕೆ ಹೋಗಿ ನೋಡಲು ಯೂನಿಕಾಸ್ಟೇ ಬೇಕು.

ಡೇಟಾ ಕಟ್ ಆಗದಿದ್ದರೆ ಅದು ಮಲ್ಟಿಕಾಸ್ಟ್ ಎನ್ನುವವರಿದ್ದಾರೆ. ಅದೂ ಸರಿಯಲ್ಲ. ಬಿಎಸ್‌ಎನ್‌ಎಲ್ 2024ರಲ್ಲಿ ಕೆಲವು ರಾಜ್ಯಗಳಲ್ಲಿ ಆರಂಭಿಸಿದ ಐಎಫ್‌ಟಿವಿಯಲ್ಲಿ ಚಾನೆಲ್ ನೋಡಿದರೆ ಪ್ಯಾಕಿನ ಡೇಟಾ ಕಳೆಯುವುದಿಲ್ಲ. ಅದು ಬಿಲ್ಲಿನ ತೀರ್ಮಾನ. ಚಿತ್ರ ಸಾಗಿಸುವ ವಿಧಾನ ಯಾವುದೆಂದು ಅದರಿಂದ ತಿಳಿಯದು.

ತಿಳಿಯಬೇಕಾದರೆ ತೊಂದರೆ ಬಂದಾಗ ಪರದೆಯನ್ನು ಗಮನಿಸಿ. ಆ್ಯಪ್ ಕಳೆದುಹೋದ ತುಣುಕನ್ನು ಮತ್ತೆ ಕೇಳಿ ತರಿಸಿಕೊಳ್ಳುತ್ತದೆ. ಅಲ್ಲಿಯವರೆಗೆ ಚಕ್ರ ತಿರುಗುತ್ತದೆ. ಮಲ್ಟಿಕಾಸ್ಟ್‌ನಲ್ಲಿ ಸಾಮಾನ್ಯವಾಗಿ ಮರಳಿ ಕೇಳುವುದಿಲ್ಲ. ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ, ಧ್ವನಿ ಕತ್ತರಿಸುತ್ತದೆ, ಆಟ ಮುಂದೆ ಓಡುತ್ತದೆ.

ಪಕ್ಕದ ಡಿಶ್ ಮನೆಯವರು ಸಿಕ್ಸರ್‌ಗೆ ಮೊದಲೇ ಕೂಗುತ್ತಾರೆಂದು ದೊಡ್ಡ ಪ್ಲಾನ್ ಹಾಕಿಸುವುದು ದುಡ್ಡು ದಂಡ. ಆ್ಯಪ್ ಕೆಲವು ಸೆಕೆಂಡುಗಳ ತುಣುಕುಗಳನ್ನು ಕೂಡಿಟ್ಟುಕೊಂಡೇ ಆಟ ತೋರಿಸುತ್ತದೆ. 100 ಎಂಬಿಪಿಎಸ್ 300 ಆದರೂ ಆ ತಡ ನೀಗುವುದಿಲ್ಲ.

ಇನ್ನು ವೈಫೈ. ಅದರಲ್ಲಿ ಮಲ್ಟಿಕಾಸ್ಟ್ ಸೊರಗುತ್ತದೆ. ಎಲ್ಲರಿಗೂ ಮುಟ್ಟಲೆಂದು ರೂಟರ್ ಅದನ್ನು ನಿಧಾನದ ವೇಗದಲ್ಲಿ ಬಿಡುತ್ತದೆ. ತಲುಪಿತೋ ಇಲ್ಲವೋ ಎಂದು ವಿಚಾರಿಸುವುದೂ ಇಲ್ಲ. ಐಪಿಟಿವಿ ಬಾಕ್ಸ್‌ಗೆ ಲ್ಯಾನ್ ಕೇಬಲ್ ಎಳೆಸಿ, ನಡುವೆ ಸ್ವಿಚ್ ಇದ್ದರೆ ಐಜಿಎಂಪಿ ಸ್ನೂಪಿಂಗ್ ಆನ್ ಮಾಡಿಸಿ. ಲೈನ್‌ನವರಿಗೆ ಫೋನ್ ಮಾಡುವಾಗ "ನೆಟ್ ಸ್ಲೋ" ಎನ್ನುವ ಬದಲು ಚಕ್ರ ತಿರುಗುತ್ತಿದೆಯೋ ಚಿತ್ರ ಒಡೆಯುತ್ತಿದೆಯೋ ಹೇಳಿ.