ಫಾಂಟ್ ಹಾಕಿದರೂ ಕನ್ನಡ ಮೂಡದಿದ್ದರೆ

ಹೈದರಾಬಾದಿನ ಕಾಚಿಗೂಡದಲ್ಲಿ ಕನ್ನಡದ ಬೇರು ಹಳೆಯದು. ಕರ್ನಾಟಕ ಸಾಹಿತ್ಯ ಮಂದಿರ ಇರುವುದು ಇಲ್ಲೇ, ನೃಪತುಂಗ ಶಾಲೆ ಇರುವುದೂ ಇಲ್ಲೇ. 1956ರವರೆಗೆ ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳಿಗೂ ಹೈದರಾಬಾದೇ ರಾಜಧಾನಿಯಾಗಿದ್ದರಿಂದ ಅನೇಕ ಮನೆಗಳ ನೆಂಟಸ್ತನ ಇವತ್ತಿಗೂ ಆ ಕಡೆಗಿದೆ. ಹಾಗಾಗಿ ಊರಿನ ಡಿಟಿಪಿ ಅಂಗಡಿಯಿಂದ ಲಗ್ನಪತ್ರಿಕೆಯ ಕರಡೋ, ಸ್ಮರಣ ಸಂಚಿಕೆಗೆಂದು ಯಾರೋ ಬರೆದ ಲೇಖನವೋ ಇಲ್ಲಿನ ಕಂಪ್ಯೂಟರಿಗೆ ಬರುತ್ತಲೇ ಇರುತ್ತದೆ. ತೆರೆದರೆ ಕನ್ನಡವೇ ಕಾಣಿಸದು. ಕೆಲವೊಮ್ಮೆ ಪರದೆ ತುಂಬ ಖಾಲಿ ಚೌಕಗಳು. ಕೆಲವೊಮ್ಮೆ ಇಂಗ್ಲಿಷ್ ಅಕ್ಷರ, ಪೌಂಡ್ ಗುರುತುಗಳ ಕಲಸುಮೇಲೋಗರ. ಇನ್ನು ಕೆಲವೊಮ್ಮೆ ಕನ್ನಡವೇನೋ ಬಂದಿರುತ್ತದೆ, ಆದರೆ ಒತ್ತಕ್ಷರಗಳೆಲ್ಲ ಬಿಡಿಬಿಡಿ.

‘ಫಾಂಟ್ ಹಾಕ್ಕೊಳ್ಳಿ, ಸರಿಹೋಗುತ್ತೆ’ ಎಂಬ ಸಲಹೆ ಫೋನಿನಲ್ಲಿ ಬರುತ್ತದೆ. ಹಾಕಿದರೂ ಸರಿಹೋಗದಿದ್ದಾಗ ಅದೇ ಫಾಂಟನ್ನು ಮತ್ತೆ ಹಾಕುವುದೇ ಹೆಚ್ಚು. ಚೌಕ, ಕಲಸುಮೇಲೋಗರ, ಬಿಡಿ ಒತ್ತು ಇವು ಮೂರು ಬೇರೆ ಬೇರೆ ತೊಂದರೆಗಳ ಲಕ್ಷಣಗಳು. ಫಾಂಟ್ ಹಾಕಿದರೆ ವಾಸಿಯಾಗುವುದು ಅವುಗಳಲ್ಲಿ ಕೆಲವು ಮಾತ್ರ.

ಮೊದಲು ಕಲಸುಮೇಲೋಗರವನ್ನೇ ನೋಡೋಣ. ಕಂಪ್ಯೂಟರ್ ಅಕ್ಷರಗಳನ್ನು ಉಳಿಸಿಕೊಳ್ಳುವುದು ಸಂಖ್ಯೆಗಳ ರೂಪದಲ್ಲಿ. ಕನ್ನಡಕ್ಕೆ ತನ್ನದೇ ಸಂಖ್ಯೆಗಳು ಬಳಕೆಗೆ ಬರುವ ಮುಂಚೆ ತಂತ್ರಾಂಶ ಬರೆಯುವವರು ಒಂದು ಉಪಾಯ ಹೂಡಿದ್ದರು: ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸಂಖ್ಯೆಗಳನ್ನೇ ಎರವಲು ಪಡೆದು, ಆ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸುವುದು. ಕನ್ನಡ ಗಣಕ ಪರಿಷತ್ತಿನ ‘ನುಡಿ’, ಶೇಷಾದ್ರಿವಾಸು 1998ರಲ್ಲಿ ಹೊರತಂದ ‘ಬರಹ’, ಡಿಟಿಪಿ ಅಂಗಡಿಗಳ ‘ಶ್ರೀಲಿಪಿ’, ‘ಆಕೃತಿ’ ಎಲ್ಲವೂ ನಡೆದದ್ದು ಈ ದಾರಿಯಲ್ಲೇ.

ಹಳೆಯ ನುಡಿ ಫಾಂಟ್‌ನಲ್ಲಿ ‘ಕನ್ನಡ’ ಎಂದು ಬರೆದರೆ ಕಡತದೊಳಗೆ ಕೂರುವುದು ಏಳು ಸಂಖ್ಯೆಗಳು: 80, 192, 163, 192, 223, 113, 192. ಇಲ್ಲಿ 80 ಎಂದರೆ ‘ಕ’ದ ಒಡಲು, 192 ಎಂದರೆ ತಲೆಕಟ್ಟು, 163 ಎಂದರೆ ‘ನ’ದ ಒಡಲು, 223 ಎಂದರೆ ‘ನ’ದ ಒತ್ತು, 113 ಎಂದರೆ ‘ಡ’ದ ಒಡಲು. ಹಿಂದಿನ ಅಚ್ಚುಕೂಟದಲ್ಲಿ ಮೊಳೆ ಜೋಡಿಸುವವರು ತುಂಡು ತುಂಡಾಗಿ ಅಕ್ಷರ ಕಟ್ಟುತ್ತಿದ್ದಂತೆಯೇ ಇದು. ಆದರೆ ಇದೇ 80 ಇಂಗ್ಲಿಷ್ ಫಾಂಟಿಗೆ ‘ಪಿ’ ಅಕ್ಷರ, 163 ಪೌಂಡ್ ಗುರುತು. ನುಡಿ ಫಾಂಟ್ ಇಲ್ಲದ ಕಂಪ್ಯೂಟರ್ ಈ ಸಂಖ್ಯೆಗಳನ್ನು ಇಂಗ್ಲಿಷ್ ಎಂದೇ ಓದುತ್ತದೆ. ಕಡತ ಕೆಟ್ಟಿಲ್ಲ, ಓದುವ ಕೀಲಿ ಕೈಯಲ್ಲಿಲ್ಲ, ಅಷ್ಟೇ.

ಇಲ್ಲಿ ಫಾಂಟ್ ಹಾಕಿದರೆ ಕೆಲಸ ಆಗುತ್ತದೆ, ಆದರೆ ಸರಿಯಾದ ಫಾಂಟ್ ಆಗಿರಬೇಕು. ಹಳೆಯ ನುಡಿ, ಬರಹಗಳ ಸಂಕೇತಗಳು ಬಹುಮಟ್ಟಿಗೆ ಒಂದೇ. ಶ್ರೀಲಿಪಿಯ ಲೆಕ್ಕ ಬೇರೆ, ಆಕೃತಿಯದು ಇನ್ನೂ ಬೇರೆ. ಮೈಕ್ರೋಸಾಫ್ಟ್ ವರ್ಡ್ ಇಲ್ಲೊಂದು ದಾರಿ ತಪ್ಪಿಸುತ್ತದೆ: ಕಂಪ್ಯೂಟರಿನಲ್ಲಿ ಇಲ್ಲದ ಫಾಂಟಿನ ಹೆಸರನ್ನೂ ಅದು ಮೇಲಿನ ಪಟ್ಟಿಯಲ್ಲಿ ತೋರಿಸುತ್ತದೆ, ಸದ್ದಿಲ್ಲದೆ ಬೇರೊಂದನ್ನು ಬಳಸುತ್ತದೆ. ಆಪ್ಷನ್ಸ್‌ನ ಅಡ್ವಾನ್ಸ್ಡ್ ವಿಭಾಗದಲ್ಲಿರುವ ‘ಫಾಂಟ್ ಸಬ್‌ಸ್ಟಿಟ್ಯೂಷನ್’ ಒತ್ತಿದರೆ ಯಾವ ಫಾಂಟ್ ಕಾಣೆಯಾಗಿದೆ ಎಂಬುದು ತಿಳಿಯುತ್ತದೆ.

ಪ್ರತಿ ಲಿಪಿಗೂ ತನ್ನದೇ ಸಂಖ್ಯೆಗಳನ್ನು ಕೊಡುವ ಯೂನಿಕೋಡ್ ವ್ಯವಸ್ಥೆ ಈ ಎರವಲನ್ನು ತಪ್ಪಿಸಿತು. 1991ರಲ್ಲಿ ಬಂದ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 3200ರಿಂದ 3327ರವರೆಗೆ 128 ಸ್ಥಾನಗಳು ಮೀಸಲಾದವು. ತೆಲುಗಿನದು ಅದರ ಹಿಂದಿನ ಮನೆ, 3072ರಿಂದ 3199. ತೆಲುಗಿನ ‘ಕ’ 3093, ಕನ್ನಡದ ‘ಕ’ 3221. ನಡುವಿನ ಅಂತರ ಸರಿಯಾಗಿ 128. ಎರಡೂ ಲಿಪಿಗಳ ಬೋರ್ಡುಗಳನ್ನು ಓದಿಕೊಂಡು ಓಡಾಡುವ ಕಾಚಿಗೂಡದ ಕನ್ನಡಿಗರಿಗೆ ಈ ನೆರೆಹೊರೆ ಹೊಸದೇನಲ್ಲ. ಯೂನಿಕೋಡ್‌ನಲ್ಲಿ ‘ಕನ್ನಡ’ ಪದಕ್ಕೆ ಐದೇ ಸಂಖ್ಯೆಗಳು: ಕ, ನ, ಅರ್ಧಾಕ್ಷರದ ಗುರುತು (್), ನ, ಡ. ತಲೆಕಟ್ಟು, ಒತ್ತುಗಳಿಗೆ ಇಲ್ಲಿ ಪ್ರತ್ಯೇಕ ಸಂಖ್ಯೆ ಇಲ್ಲ. ಆಕಾರ ಕೊಡುವುದು ಫಾಂಟಿನ ಹೊಣೆ.

ಖಾಲಿ ಚೌಕ ಕಂಡರೆ ಅರ್ಥ ಇಷ್ಟೇ: ಸಂಖ್ಯೆ ಸರಿಯಿದೆ, ಆದರೆ ಅದಕ್ಕೆ ಆಕಾರ ಕೊಡುವ ಫಾಂಟ್ ಸಿಕ್ಕಿಲ್ಲ. ವಿಂಡೋಸ್ ಎಕ್ಸ್‌ಪಿ ಕಾಲದಿಂದ ‘ತುಂಗಾ’, ವಿಂಡೋಸ್ 8ರಿಂದ ‘ನಿರ್ಮಲಾ’ ಫಾಂಟ್ ಜೊತೆಗೇ ಬರುತ್ತಿರುವುದರಿಂದ ಇವತ್ತಿನ ಕಂಪ್ಯೂಟರುಗಳಲ್ಲಿ ಈ ಕಾಟ ಅಪರೂಪ. ಆದರೆ ವಿಂಡೋಸ್ 10ರಲ್ಲಿ ತುಂಗಾ ಐಚ್ಛಿಕ ಪಟ್ಟಿಗೆ ಸರಿದಿದೆ. ತುಂಗಾದಲ್ಲಿ ಮಾಡಿದ ಹಳೆಯ ಕಡತದ ಪುಟವಿನ್ಯಾಸ ಬದಲಾಗಿ ಕಂಡರೆ ಸೆಟ್ಟಿಂಗ್ಸ್‌ನ ‘ಆಪ್ಷನಲ್ ಫೀಚರ್ಸ್’ನಲ್ಲಿ ‘ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್’ ಹುಡುಕಿ ಸೇರಿಸಿಕೊಳ್ಳಬೇಕು.

ಮೂರನೆಯದು ಬಿಡಿ ಒತ್ತುಗಳ ಸಮಸ್ಯೆ. ‘ಕರ್ನಾಟಕ’ ಪದದಲ್ಲಿ ‘ರ’ ಕಡತದಲ್ಲಿ ಕೂರುವುದು ‘ನಾ’ಗಿಂತ ಮುಂಚೆ, ಕಾಣುವುದು ಅದರ ನಂತರ, ಅರ್ಕಾವತ್ತಾಗಿ. ಹೀಗೆ ಹಿಂದುಮುಂದು ಮಾಡಿ ಜೋಡಿಸುವುದು ಫಾಂಟ್ ಒಂದರಿಂದಲೇ ಆಗದು. ಅದರೊಳಗಿನ ನಿಯಮಗಳನ್ನು ಓದಿ ನಡೆಸುವ ಇನ್ನೊಂದು ತಂತ್ರಾಂಶ ಬೇಕು. ಫೈರ್‌ಫಾಕ್ಸ್, ಕ್ರೋಮ್, ಲಿಬ್ರೆಆಫೀಸ್‌ಗಳಲ್ಲಿ ‘ಹಾರ್ಫ್‌ಬಝ್’ ಆ ಕೆಲಸ ಮಾಡುತ್ತದೆ. ಪೇಜ್‌ಮೇಕರಿನಂಥ ಹಳೆಯ ತಂತ್ರಾಂಶಕ್ಕೆ ಈ ವಿದ್ಯೆ ತಿಳಿಯದು. ಎಷ್ಟು ಒಳ್ಳೆಯ ಯೂನಿಕೋಡ್ ಫಾಂಟ್ ಕೊಟ್ಟರೂ ಅದರಲ್ಲಿ ಕನ್ನಡ ಕೂಡಿಬರುವುದಿಲ್ಲ. ಇನ್‌ಡಿಸೈನ್‌ನ ಈಚಿನ ಆವೃತ್ತಿಗಳಿಗೆ ಈ ವಿದ್ಯೆ ಬರುತ್ತದೆ, ಆದರೆ ಪ್ಯಾರಾಗ್ರಾಫ್ ಸೆಟ್ಟಿಂಗಿನಲ್ಲಿ ‘ವರ್ಲ್ಡ್-ರೆಡಿ ಕಂಪೋಸರ್’ ಆರಿಸಿರಬೇಕು. ಅದನ್ನು ಆರಿಸದೆ ಫಾಂಟಿನ ಮೇಲೆ ಫಾಂಟ್ ಬದಲಿಸುತ್ತ ಕೂತರೆ ಫಲವಿಲ್ಲ.

ಇನ್ನೊಂದು ದೂರು ಸಾಮಾನ್ಯ: ಅಕ್ಷರಗಳನ್ನು ಆಯ್ದು ನುಡಿ ಫಾಂಟ್ ಕೊಟ್ಟರೂ ಆಕಾರ ಬದಲಾಗುವುದಿಲ್ಲ. ಪಠ್ಯ ಯೂನಿಕೋಡಿನಲ್ಲಿದ್ದು, ಕೊಟ್ಟದ್ದು ಹಳೆಯ ನುಡಿ ಫಾಂಟಾಗಿದ್ದರೆ ಹೀಗಾಗುತ್ತದೆ. ಆ ಫಾಂಟಿನಲ್ಲಿ 3221ನೇ ಸ್ಥಾನವೇ ಇಲ್ಲದ್ದರಿಂದ ವಿಂಡೋಸ್ ನಿರ್ಮಲಾದಿಂದ ಅಕ್ಷರ ತಂದು ತುಂಬುತ್ತದೆ. ಯೂನಿಕೋಡಿಗೆಂದೇ ಮಾಡಿದ ನುಡಿ ಫಾಂಟ್‌ಗಳು ಬೇರೆ ಇವೆ. ಗೂಗಲ್‌ನ ನೋಟೋ, ಹಾಗೆಯೇ ನವಿಲು, ಗುಬ್ಬಿ ಫಾಂಟ್‌ಗಳೂ ಉಚಿತವಾಗಿ ಸಿಗುತ್ತವೆ.

ಇನ್ನು ಫಾಂಟ್ ಹಾಕುವ ಕೆಲಸ. ಜಿಪ್ ಕಡತವನ್ನು ಮೊದಲು ಬಿಚ್ಚಬೇಕು. ವಿಂಡೋಸ್ 10ರ 2018ರ ಅಕ್ಟೋಬರ್ ಅಪ್‌ಡೇಟಿನಿಂದೀಚೆಗೆ ‘ಇನ್‌ಸ್ಟಾಲ್’ ಒತ್ತಿದರೆ ಫಾಂಟ್ ಆ ಒಬ್ಬ ಬಳಕೆದಾರರ ಖಾತೆಗೆ ಮಾತ್ರ ಸೇರುತ್ತದೆ, ಕೆಲವು ತಂತ್ರಾಂಶಗಳಿಗೆ ಅದು ಕಾಣುವುದೇ ಇಲ್ಲ. ಮೌಸಿನ ಬಲಗುಂಡಿ ಒತ್ತಿ ‘ಇನ್‌ಸ್ಟಾಲ್ ಫಾರ್ ಆಲ್ ಯೂಸರ್ಸ್’ ಆರಿಸುವುದು ಮೇಲು. ಫಾಂಟ್ ಹಾಕುವಾಗ ವರ್ಡ್ ತೆರೆದಿದ್ದರೆ ಒಮ್ಮೆ ಮುಚ್ಚಿ ತೆರೆಯಬೇಕು. ಪಟ್ಟಿಯಲ್ಲಿ ಹುಡುಕಬೇಕಾದದ್ದು ಕಡತದ ಹೆಸರನ್ನಲ್ಲ, ಫಾಂಟಿನೊಳಗೆ ಬರೆದಿಟ್ಟ ಹೆಸರನ್ನು. ಎರಡೂ ಒಂದೇ ಆಗಿರಬೇಕೆಂದಿಲ್ಲ. ಲಿಬ್ರೆಆಫೀಸಿನಲ್ಲಿ ಕನ್ನಡದ ಫಾಂಟನ್ನು ಇಂಗ್ಲಿಷಿನದರಿಂದ ಬೇರೆಯಾಗಿ, ‘ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್’ ವಿಭಾಗದಲ್ಲಿ ಆರಿಸಬೇಕು. ಲಿನಕ್ಸ್‌ನಲ್ಲಿ ಹೊಸ ಫಾಂಟ್ ಕಾಣದಿದ್ದರೆ ‘ಎಫ್‌ಸಿ-ಕ್ಯಾಶ್’ ಆದೇಶ ಓಡಿಸಿದರೆ ಸಾಕು.

ಫಾಂಟ್ ಹಾಕಿದ ಮಾತ್ರಕ್ಕೆ ಕೀಲಿಮಣೆ ಕನ್ನಡಕ್ಕೆ ತಿರುಗದು ಎಂಬುದೂ ನೆನಪಿರಲಿ. ಅದಕ್ಕೆ ಭಾಷಾ ಸೆಟ್ಟಿಂಗಿನಲ್ಲಿ ಕನ್ನಡ ಸೇರಿಸಬೇಕು. ವಿಂಡೋಸ್ 10ರ 2019ರ ಮೇ ಅಪ್‌ಡೇಟಿನಿಂದ ಉಚ್ಚಾರಣೆಯಂತೆ ಒತ್ತುವ ಕನ್ನಡ ಕೀಲಿಮಣೆ ಅಲ್ಲೇ ಸಿಗುತ್ತದೆ.

ಹಳೆಯ ಕಡತಗಳಿಗೆ ಶಾಶ್ವತ ಪರಿಹಾರವೆಂದರೆ ಅವನ್ನು ಯೂನಿಕೋಡಿಗೆ ಪರಿವರ್ತಿಸುವುದು. ‘ಬರಹ’ದಲ್ಲಿ ಅದಕ್ಕೆ ಸೌಲಭ್ಯವಿದೆ, ಬೇರೆ ಉಚಿತ ಪರಿವರ್ತಕಗಳೂ ಇವೆ. ಪರಿವರ್ತಿಸುವಾಗ ನಡುವೆ ಬರುವ ಇಂಗ್ಲಿಷ್ ಪದಗಳೂ ಕನ್ನಡದ ಅಕ್ಷರಗಳಾಗಿ ಕೆಡುತ್ತವೆ, ಏಕೆಂದರೆ ಎರಡಕ್ಕೂ ಅವೇ ಸಂಖ್ಯೆಗಳು. ಆದ್ದರಿಂದ ಮೂಲ ಕಡತ ಅಳಿಸಬೇಡಿ. ಹೆಸರು, ವಿಳಾಸ, ಇಮೇಲ್‌ಗಳನ್ನು ಕಣ್ಣಿಟ್ಟು ತಿದ್ದಿಕೊಳ್ಳಿ. ಊರಿಂದ ಕಡತ ತರಿಸುವಾಗ ಓದಲಿಕ್ಕಾದರೆ ಪಿಡಿಎಫ್ ಕೇಳಿ, ತಿದ್ದಲಿಕ್ಕಾದರೆ ಯೂನಿಕೋಡ್ ಪ್ರತಿಯನ್ನೇ ಕೇಳಿ.