ದೊಡ್ಡವರ ಬದುಕಿನಲ್ಲಿ ಊರಿನ ಪಾಲು

ಒಬ್ಬರು ಹೆಸರಾದರೆಂದರೆ ಅವರ ಇಡೀ ಬದುಕನ್ನು ನಾವು ಒಂದು ಪುಟಕ್ಕೆ ಇಳಿಸಿಬಿಡುತ್ತೇವೆ: ಹುಟ್ಟಿದ ಊರು, ಓದಿದ ಶಾಲೆ, ಬಂದ ಪ್ರಶಸ್ತಿ, ತೀರಿಕೊಂಡ ದಿನ. ಊರು ಮೊದಲ ಸಾಲಿನಲ್ಲಿ ಬಂದು ಅಲ್ಲಿಗೇ ಮಾಯವಾಗುತ್ತದೆ. ಬೆಟ್ಟದ ಸೆರಗಿನಲ್ಲಿ ಬಾಳಿದವರ ವಿಷಯದಲ್ಲಿ ಈ ಕೊರತೆ ಅಷ್ಟಾಗಿ ಕಾಣುವುದಿಲ್ಲ. ಅಂಕೋಲೆಯ ಸುಕ್ರಿ ಬೊಮ್ಮಗೌಡರ ಹಾಡು, ಹೊನ್ನಳ್ಳಿಯ ತುಳಸಿ ಗೌಡರ ಗಿಡಮರಗಳ ತಿಳಿವಳಿಕೆ ಎಂದಕೂಡಲೆ ಹಾಲಕ್ಕಿ ಸಮುದಾಯ ಮತ್ತು ಸಹ್ಯಾದ್ರಿಯ ಕಾಡು ಜೊತೆಗೇ ನೆನಪಾಗುತ್ತವೆ. ಬಯಲುಸೀಮೆಯ ಸಾಧಕರಿಗೆ ಆ ಭಾಗ್ಯ ಸಿಕ್ಕಿಲ್ಲ. ಅವರನ್ನು ನಾಡಿನವರೆಂದು ಕೊಂಡಾಡುತ್ತೇವೆ, ಅವರನ್ನು ಹೊರೆಹೊತ್ತು ಬೆಳೆಸಿದ ಊರನ್ನು ಮರೆಯುತ್ತೇವೆ. ವಿಜಯಪುರ ನಗರ, ತಿಕೋಟಾ ಮತ್ತು ಬಬಲೇಶ್ವರ ಸೀಮೆಯ ಮೂವರ ಬದುಕನ್ನು ಹತ್ತಿರದಿಂದ ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ: ಅವರ ಕೆಲಸದಲ್ಲಿ ಸುತ್ತಲಿನ ಜನರ ಪಾಲು ದೊಡ್ಡದು, ಆ ಪಾಲನ್ನು ಬರೆಯದ ಜೀವನಚರಿತ್ರೆ ಅರ್ಧವೇ ಸರಿ.

ಮೊದಲಿಗೆ ಫ. ಗು. ಹಳಕಟ್ಟಿಯವರನ್ನೇ ತೆಗೆದುಕೊಳ್ಳೋಣ. 1880ರ ಜುಲೈ 2ರಂದು ಧಾರವಾಡದಲ್ಲಿ ಹುಟ್ಟಿದ ಅವರು ಕಾನೂನು ಓದಿ, ವಕೀಲಿಗಾಗಿ ಆಗಿನ ಬಿಜಾಪುರಕ್ಕೆ ಬಂದರು. ಬಂದವರು ಅಲ್ಲಿಯವರೇ ಆಗಿಹೋದರು. ಶಿಕ್ಷಣ ಸಂಸ್ಥೆ ಕಟ್ಟಿದರು, 1912ರಲ್ಲಿ ಸಿದ್ಧೇಶ್ವರ ಬ್ಯಾಂಕಿನ ಸ್ಥಾಪನೆಗೆ ಮುಂದಾದರು. ಬಿಡುವಿನಲ್ಲೆಲ್ಲ ವಚನಗಳ ತಾಡೋಲೆ ಹುಡುಕಿದರು. ಆ ಓಲೆಗಳು ಎಲ್ಲಿದ್ದವು ಎಂಬುದೇ ಇಲ್ಲಿ ಮುಖ್ಯ. ಮಠಗಳಲ್ಲಿ, ಊರೂರಿನ ಮನೆಗಳ ಜಗುಲಿಯ ಮೇಲೆ, ಕುಂಕುಮ ವಿಭೂತಿ ಹಚ್ಚಿಸಿಕೊಂಡು ತಲೆಮಾರುಗಳಿಂದ ಪೂಜೆಗೊಳ್ಳುತ್ತಿದ್ದವು. ಒಳಗೆ ಏನಿದೆಯೆಂದು ಓದಲಾಗದವರೂ ಅವನ್ನು ಮಳೆಯಿಂದ, ಗೆದ್ದಲಿನಿಂದ, ಬೆಂಕಿಯಿಂದ ಕಾಪಾಡಿದ್ದರು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ 1923ರಲ್ಲಿ ಬೆಳಗಾವಿಯಲ್ಲಿ ಅಚ್ಚಾಗಿ ಬಂತು. ಮುಂದೆ ಅವರು ಮನೆ ಮಾರಿ ‘ಹಿತಚಿಂತಕ’ ಮುದ್ರಣಾಲಯ ಹಾಕಿದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆ ತೆಗೆದರು. ಅದೇ ವರ್ಷ ಬಳ್ಳಾರಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಒಬ್ಬ ಮನುಷ್ಯನ ಹಟ ಇಲ್ಲದಿದ್ದರೆ ಈ ಕೆಲಸ ಆಗುತ್ತಿರಲಿಲ್ಲ, ನಿಜ. ಆದರೆ ಪೂಜೆಯ ಕಟ್ಟನ್ನು ಬಿಚ್ಚಿ ಅವರ ಕೈಗಿಟ್ಟ ಮನೆಯವರಿಲ್ಲದಿದ್ದರೆ ಆ ಹಟಕ್ಕೆ ಹಿಡಿಯಲು ಓಲೆಯೇ ಸಿಗುತ್ತಿರಲಿಲ್ಲ.

ಇನ್ನೂ ಹಿಂದಕ್ಕೆ, 17ನೆಯ ಶತಮಾನಕ್ಕೆ ಹೋದರೆ ಇಂದಿನ ಬಬಲೇಶ್ವರ ಸೀಮೆಯ ಕಾಖಂಡಕಿಯಲ್ಲಿ ಮಹಿಪತಿದಾಸರು ಸಿಗುತ್ತಾರೆ. ಆದಿಲ್‌ಶಾಹಿ ಆಡಳಿತದಲ್ಲಿ ಅಧಿಕಾರಿಯಾಗಿದ್ದವರು ಸಾರವಾಡದ ಭಾಸ್ಕರಸ್ವಾಮಿಗಳ ಶಿಷ್ಯರಾಗಿ, ಪದವಿ ಬಿಟ್ಟು ಕೀರ್ತನಕಾರರಾದರು. ಅವರು ಕನ್ನಡದ ಜೊತೆ ಮರಾಠಿ, ಹಿಂದಿಗಳಲ್ಲೂ ಹಾಡು ಕಟ್ಟಿದರು. ಈ ಬಹುಭಾಷೆ ಪಾಂಡಿತ್ಯದ ಪ್ರದರ್ಶನವಾಗಿರಲಿಲ್ಲ. ಅಂದಿನ ವಿಜಯಪುರದ ಪೇಟೆಯಲ್ಲಿ, ಕಚೇರಿಯಲ್ಲಿ, ದರ್ಗಾದಲ್ಲಿ, ಮಠದಲ್ಲಿ ಈ ಮಾತುಗಳೆಲ್ಲ ಒಟ್ಟಿಗೆ ಕೇಳಿಬರುತ್ತಿದ್ದವು. ಜನರನ್ನು ಮುಟ್ಟಬೇಕೆಂದವರು ಜನರ ಮಾತುಗಳಲ್ಲೇ ಹಾಡಬೇಕಿತ್ತು. ಹರಿದಾಸರ ಸಾಲಿನಲ್ಲಿ ಅವರ ಹೆಸರನ್ನಷ್ಟೇ ಸೇರಿಸಿ ಸುಮ್ಮನಾದರೆ ಅವರ ವಿಶೇಷವೇ ಕೈತಪ್ಪುತ್ತದೆ. ತಿಕೋಟಾ ತಾಲ್ಲೂಕಿನ ಬಿಜ್ಜರಗಿಯಲ್ಲಿ ರೈತ ಮನೆತನದಲ್ಲಿ ಹುಟ್ಟಿದ ಸಿದ್ಧೇಶ್ವರ ಸ್ವಾಮೀಜಿಯವರದೂ ಇದೇ ಬಗೆ. ವಿಜಯಪುರದ ಜ್ಞಾನಯೋಗಾಶ್ರಮದಲ್ಲಿ ಮಲ್ಲಿಕಾರ್ಜುನ ಸ್ವಾಮೀಜಿಯವರ ಶಿಷ್ಯರಾಗಿ ಬೆಳೆದ ಅವರು ಉಪನಿಷತ್ತು, ಗೀತೆ, ವಚನಗಳನ್ನು ಊರೂರಲ್ಲಿ ತಿಂಗಳುಗಟ್ಟಲೆ ಬೆಳಗಿನ ಜಾವ ಹೇಳಿದರು. ಹೊಲದ ಕೆಲಸಕ್ಕೆ ಹೊರಡುವ ಮುನ್ನ ಬಂದು ಕೂತ ಜನರಿಗಾಗಿಯೇ ಆ ಮಾತು ಅಷ್ಟು ತಿಳಿಯಾಯಿತು. ಕೇಳುವವರ ತಾಳ್ಮೆ ಹೇಳುವವರ ಶೈಲಿಯನ್ನು ತಿದ್ದುತ್ತದೆ.

ಇದಕ್ಕೆ ಆಕ್ಷೇಪ ಬರುವುದು ಸಹಜ. ಅದೇ ಊರಲ್ಲಿ, ಅದೇ ಕಾಲದಲ್ಲಿ ಸಾವಿರಾರು ಜನರಿದ್ದರಲ್ಲ, ಎಲ್ಲರೂ ಹಳಕಟ್ಟಿಯವರಾಗಲಿಲ್ಲವೇಕೆ ಎಂದು ಕೇಳಬಹುದು. ಒಪ್ಪತಕ್ಕ ಮಾತೇ. ಬಿತ್ತಿದ ಕಾಳೆಲ್ಲ ತೆನೆಯಾಗುವುದಿಲ್ಲ. ಹಾಗೆಂದು ತೆನೆ ಕಂಡಾಗ ಎರೆಮಣ್ಣಿನ ಋಣ ಇಲ್ಲವೆನ್ನಲಾದೀತೆ? ವ್ಯಕ್ತಿಯ ಪ್ರತಿಭೆಯನ್ನು ಕಡಿಮೆ ಮಾಡುವುದು ಈ ವಾದದ ಉದ್ದೇಶವಲ್ಲ. ಪ್ರತಿಭೆಯೊಂದನ್ನೇ ಹೊಗಳಿದರೆ ಮುಂದಿನವರಿಗೆ ಕಲಿಯಲು ಏನೂ ಉಳಿಯುವುದಿಲ್ಲ, ಏಕೆಂದರೆ ಪ್ರತಿಭೆಯನ್ನು ಯಾರೂ ಕಲಿಸಲಾರರು. ಓಲೆ ಕಾಪಾಡುವುದು, ಬಲ್ಲವರಿಗೆ ಮನೆಯ ಬಾಗಿಲು ತೆರೆಯುವುದು, ಒಳ್ಳೆಯ ಮಾತಿಗೆ ಬಂದು ಕೂರುವುದು, ಇವನ್ನು ಯಾವ ಊರಿನವರೂ ಕಲಿಯಬಹುದು.

ಎರಡನೆಯ ಆಕ್ಷೇಪ ಸ್ಮಾರಕದ್ದು. ಪ್ರತಿಮೆ, ವೃತ್ತದ ಹೆಸರು, ಜಯಂತಿ ಇಲ್ಲದಿದ್ದರೆ ಜನ ಮರೆಯುತ್ತಾರೆ ಎನ್ನುವವರಿದ್ದಾರೆ. ಹಳಕಟ್ಟಿಯವರ ಹುಟ್ಟುಹಬ್ಬವನ್ನು ವಚನ ಸಾಹಿತ್ಯ ಸಂರಕ್ಷಣಾ ದಿನವೆಂದು ಆಚರಿಸುವುದು ಒಳ್ಳೆಯದೇ. ಆದರೆ ಸಿದ್ಧೇಶ್ವರ ಸ್ವಾಮೀಜಿಯವರ ಬದುಕು ಈ ನಂಬಿಕೆಯನ್ನೇ ಪ್ರಶ್ನಿಸುತ್ತದೆ. 2018ರಲ್ಲಿ ಪದ್ಮಶ್ರೀಯನ್ನು ವಿನಯದಿಂದ ನಿರಾಕರಿಸಿದ ಅವರು, ತಮ್ಮ ದೇಹವನ್ನು ದಹಿಸಬೇಕು, ಸ್ಮಾರಕ ಕಟ್ಟಬಾರದು ಎಂದು 2014ರಲ್ಲೇ ಬರೆದಿಟ್ಟಿದ್ದರು. 2023ರ ಜನವರಿ 2ರಂದು ಅವರು ತೀರಿಕೊಂಡಾಗ ಲಕ್ಷಾಂತರ ಜನ ಬಂದರು. ಆಶ್ರಮದವರು ಅವರ ಇಚ್ಛೆಯಂತೆಯೇ ನಡೆದುಕೊಂಡರು. ಗುಡಿ ಕಟ್ಟದೆಯೂ ನೆನಪು ಉಳಿಯಬಲ್ಲದು. ಅದಕ್ಕೆ ಆಚರಣೆಗಿಂತ ಅಧ್ಯಯನ ಬೇಕು.

ಆದ್ದರಿಂದ ಆಗಬೇಕಾದ ಕೆಲಸ ಕಷ್ಟದ್ದಲ್ಲ, ತಾಳ್ಮೆಯದು. ತಿಕೋಟಾ, ಬಬಲೇಶ್ವರಗಳು ಈಗ ತಾಲ್ಲೂಕು ಕೇಂದ್ರಗಳು. ಅಲ್ಲಿನ ಶಾಲೆ, ಕಾಲೇಜು, ಗ್ರಂಥಾಲಯಗಳು ತಮ್ಮ ಸೀಮೆಯ ಸಾಧಕರ ಜೊತೆಗೆ ಅವರಿಗೆ ಓಲೆ ಕೊಟ್ಟ ಮನೆತನ, ದಾಸೋಹ ನಡೆಸಿದ ಊರು, ಹಾಡು ಉಳಿಸಿದ ಹೆಣ್ಣುಮಕ್ಕಳು, ಮೊಳೆ ಜೋಡಿಸಿದ ಕೆಲಸಗಾರರ ವಿವರವನ್ನೂ ದಾಖಲಿಸಲಿ. ಹಿರಿಯರು ಹೇಳುವ ಸ್ಥಿತಿಯಲ್ಲಿ ಇರುವಾಗಲೇ ಅದು ಆಗಬೇಕು. ತನ್ನ ಊರಿನ ಸಾಮಾನ್ಯ ಜನ ಏನು ಮಾಡಿದ್ದರೆಂದು ತಿಳಿದ ಹುಡುಗಿಗೆ, ಹುಡುಗನಿಗೆ ದೊಡ್ಡತನ ಬೇರೆಲ್ಲೋ ಹುಟ್ಟುವ ವಸ್ತು ಎನಿಸುವುದಿಲ್ಲ. ಅದರಲ್ಲಿ ತಮಗೂ ಒಂದು ಪಾಲಿದೆ, ಒಂದು ಹೊಣೆಯಿದೆ ಎಂಬುದು ಅವರಿಗೆ ಗೊತ್ತಾಗುತ್ತದೆ.