ಬೇಬಿ ಆಸ್ಟಿನ್ನಿನ ಎರಡು ಆಸನಗಳು

ಹನುಮಂತನಗರದ ಐವತ್ತಡಿ ರಸ್ತೆಯಿಂದ ಕುಮಾರಸ್ವಾಮಿ ದೇವಸ್ಥಾನದ ಗುಡ್ಡದತ್ತ ಏರಿಹೋಗುವ ಅಡ್ಡರಸ್ತೆಯೊಂದರಲ್ಲಿ, ಹಿಟ್ಟಿನ ಗಿರಣಿಗೂ ಇಸ್ತ್ರಿ ಅಂಗಡಿಗೂ ನಡುವೆ, ಫಲಕದ ಬಣ್ಣವೆಲ್ಲ ಮಾಸಿ ‘ಕುಶನ್ ವರ್ಕ್ಸ್’ ಎಂಬಷ್ಟೇ ಓದಲು ಸಿಕ್ಕುವ ಮಳಿಗೆಯೊಂದುಂಟು. ಆಟೋಗಳ ಹಿಂಬದಿಯ ಸೀಟು, ಸ್ಕೂಟರಿನ ಹೊದಿಕೆ, ಛತ್ರದ ಸೋಫಾ, ಹೀಗೆ ನಿತ್ಯದ ಅನ್ನಕ್ಕೆ ಬೇಕಾದ ಕೆಲಸಗಳ ನಡುವೆ ಆಗಾಗ ಬಹು ಹಳೆಯ ಕಾರುಗಳ ಒಳಭಾಗಗಳೂ ಅಲ್ಲಿಗೆ ದುರಸ್ತಿಗೆ ಬರುತ್ತವೆಂದು ಸ್ನೇಹಿತರೊಬ್ಬರು ಹೇಳಿದ್ದರಿಂದ ನಾನು ಹೋದದ್ದು. ಹೋದಾಗ ನೆಲಕ್ಕೆ ಹಾಸಿದ ಗೋಣಿತಾಟಿನ ಮೇಲೆ ಕಂಡ ಎರಡು ಪುಟ್ಟ ಆಸನಗಳು ಇನ್ನೂ ನನ್ನ ಮನಸ್ಸನ್ನು ಬಿಟ್ಟಿಲ್ಲ. ಅವು 1930ರ ದಶಕದ ಆಸ್ಟಿನ್ ಸೆವೆನ್, ಎಂದರೆ ನಮ್ಮ ಹಿರಿಯರ ಬಾಯಲ್ಲಿ ‘ಬೇಬಿ ಆಸ್ಟಿನ್’ ಎನಿಸಿಕೊಂಡ ಕಾರಿನ ಮುಂದಿನ ಆಸನಗಳು. ಒಂದೇ ಕಾರಿಗೆ ಸೇರಿದ, ಒಂದೇ ಅಳತೆಯ, ಒಂದೇ ಬಗೆಯ ಕಂದು ಚರ್ಮ ಹೊದ್ದ ಆ ಜೋಡಿಯ ಒಳಗು ಮಾತ್ರ ಒಂದಕ್ಕೊಂದು ಸಂಬಂಧವೇ ಇಲ್ಲದಷ್ಟು ಬೇರೆಯಾಗಿತ್ತು.

ಬೇಬಿ ಆಸ್ಟಿನ್ನಿನ ಪೂರ್ವೋತ್ತರವನ್ನು ಈ ಪುರವಣಿಯ ಓದುಗರಿಗೆ ವಿಸ್ತರಿಸಿ ಹೇಳಬೇಕಾಗಿಲ್ಲ. ಹರ್ಬರ್ಟ್ ಆಸ್ಟಿನ್ 1922ರಲ್ಲಿ ಹೊರತಂದ ಈ ಸಣ್ಣ ಕಾರು 1939ರವರೆಗೆ ತಯಾರಾಗಿ, ಮೂರು ಲಕ್ಷದ ಸಮೀಪದಷ್ಟು ಸಂಖ್ಯೆಯಲ್ಲಿ ಲೋಕದ ಮೂಲೆಮೂಲೆಗೆ ಹಬ್ಬಿತು. ಜರ್ಮನಿಯ ಬಿಎಂಡಬ್ಲ್ಯು ಕಂಪನಿ ಮೊಟ್ಟಮೊದಲು ಮಾರಿದ ಕಾರು ಕೂಡ ಇದರದೇ ಪರವಾನಗಿಯ ಮೇಲೆ ತಯಾರಾದ ‘ಡಿಕ್ಸಿ’. ಮೈಸೂರು ಅರಮನೆಯ ರೋಲ್ಸ್ ರಾಯ್ಸುಗಳ ಕಥೆಯನ್ನು ಎಷ್ಟೋ ಮಂದಿ ಬರೆದಾಗಿದೆ. 747 ಸಿಸಿಯ ಈ ಪುಟ್ಟ ವಾಹನವನ್ನು ಕೊಂಡು, ಸಂಸಾರಸಮೇತ ಅದರಲ್ಲಿ ತೂರಿಕೊಂಡು ಓಡಾಡಿದವರ ಕಥೆ ಅಷ್ಟಾಗಿ ಬರೆಯಲ್ಪಟ್ಟಿಲ್ಲ. ಅದನ್ನು ಓದಬೇಕಾದರೆ ಕಾರಿನ ಒಳಗನ್ನೇ ಓದಬೇಕು.

ವಿಂಟೇಜ್ ಕಾರುಗಳ ಮೆರವಣಿಗೆ ನಡೆದಾಗಲೆಲ್ಲ ಜನ ಮುತ್ತುವುದು ಹಿತ್ತಾಳೆಯ ದೀಪಗಳನ್ನು, ಕಡ್ಡಿಗಳುಳ್ಳ ಚಕ್ರಗಳನ್ನು, ಬಾನೆಟ್ ಎತ್ತಿದರೆ ಎಂಜಿನ್ನನ್ನು. ಇದು ತಪ್ಪೆಂದು ನಾನು ಹೇಳಲಾರೆ. ಆದರೆ ಎಂಜಿನ್ನು ಸವೆದರೆ ಲೇತಿನಲ್ಲಿ ಕಡೆದು ಸರಿಪಡಿಸಬಹುದು, ತಗಡು ತುಕ್ಕು ಹಿಡಿದರೆ ಟಿಂಕರಿಂಗ್ ಮಾಡಿಸಬಹುದು, ಹಾಗೆ ಮಾಡಿದ ಮೇಲೂ ಅವು ತಮ್ಮ ಸ್ವರೂಪವನ್ನು ಬಹುಮಟ್ಟಿಗೆ ಉಳಿಸಿಕೊಳ್ಳುತ್ತವೆ. ಮನುಷ್ಯನ ಮೈ ತಗುಲಿದ್ದು ಆಸನಕ್ಕೆ, ಬಾಗಿಲಿನ ಒಳಮೈಗೆ, ಗಾಜು ಇಳಿಸುವ ಹಿಡಿಗೆ. ಬೆವರು, ಎಣ್ಣೆ, ಕುಂಕುಮ, ಮಕ್ಕಳ ಬೂಟಿನ ಗೀರು, ಇವೆಲ್ಲ ಸೇರಿಕೊಂಡದ್ದು ಅಲ್ಲಿ. ಕಾರಿನ ಚರಿತ್ರೆಯ ಬಹುಭಾಗ ಅದರ ಒಳಗಿನ ಹೊದಿಕೆಯಲ್ಲಿದೆಯೆಂಬುದು ನನ್ನ ದೃಢವಾದ ನಂಬಿಕೆ. ಆದರೂ ಪುನರುಜ್ಜೀವನದ ಉತ್ಸಾಹದಲ್ಲಿ ಮೊಟ್ಟಮೊದಲು ಗುಜರಿಗೆ ಹೋಗುವುದು ಅದೇ. ಹೊಸ ರೆಕ್ಸಿನ್ನಿನ ಹೊಳಪು ಹೊದ್ದು ನಿಂತ ಎಷ್ಟೋ ಕಾರುಗಳಲ್ಲಿ ಇಣುಕಿ ನೋಡಿ, ಅವುಗಳ ಬಾಳಿನ ಒಂದು ಅಕ್ಷರವೂ ಉಳಿದಿಲ್ಲವಲ್ಲ ಎಂದು ನಾನು ವ್ಯಥೆಪಟ್ಟಿದ್ದೇನೆ.

ಇನ್ನು ಆ ಆಸನಗಳ ವಿಚಾರ. ಎಡಗಡೆಯದರ, ಎಂದರೆ ಚಾಲಕನ ಪಕ್ಕದವರು ಕೂರತಕ್ಕ ಆಸನದ ಚರ್ಮವನ್ನು ಮಳಿಗೆಯ ಮೇಸ್ತ್ರಿಗಳು ಮಡಚಿ ಹಿಂದಕ್ಕೆ ಸರಿಸಿದಾಗ ನಾನು ಸ್ಪ್ರಿಂಗುಗಳನ್ನು ನಿರೀಕ್ಷಿಸಿದ್ದೆ. ಸ್ಪ್ರಿಂಗು ಒಂದೂ ಇರಲಿಲ್ಲ. ಬಟ್ಟೆಗೆ ರಬ್ಬರು ಮೆತ್ತಿ ಮಾಡಿದ, ಕಾಲಾಂತರದಲ್ಲಿ ಹಪ್ಪಳಗಟ್ಟಿ ಬಿರುಕುಬಿಟ್ಟ ಒಂದು ಚೀಲ, ಅದರ ಅಂಚಿನಲ್ಲಿ ಕಿಲುಬು ಹಿಡಿದ ಹಿತ್ತಾಳೆಯ ಪುಟ್ಟ ವಾಲ್ವು. ಗಾಳಿ ತುಂಬಿದ ಆಸನ! ಮ್ಯಾಂಚೆಸ್ಟರಿನ ಡೇವಿಡ್ ಮೋಸ್ಲಿ ಕಂಪನಿಯವರು ‘ಫ್ಲೋಟ್ ಆನ್ ಏರ್’ ಎಂಬ ಹೆಸರಿನಿಂದ ಮಾರುತ್ತಿದ್ದ ಇಂಥ ಗಾಳಿಮೆತ್ತೆಗಳು ಆ ದಶಕದ ಹಲವು ಇಂಗ್ಲಿಷ್ ಕಾರುಗಳಲ್ಲಿದ್ದುವೆಂದು ಓದಿದ್ದೆನೇ ಹೊರತು, ಬೆಂಗಳೂರಿನಲ್ಲಿ ಕೈಯಿಂದ ಮುಟ್ಟಿ ನೋಡುವೆನೆಂದು ಎಣಿಸಿರಲಿಲ್ಲ.

ಇದರ ಹಿಂದಿನ ಯುಕ್ತಿ ಯೋಚಿಸಿದಷ್ಟೂ ಸೊಗಸಾದದ್ದು. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಏಳಡಿಯೂ ಅಂತರವಿಲ್ಲದ, ಛಾವಣಿ ತಗ್ಗಾದ ಕಾರಿನಲ್ಲಿ ಸುರುಳಿ ಸ್ಪ್ರಿಂಗನ್ನು ಕೂರಿಸಹೋದರೆ, ಅದು ಕುಗ್ಗಿ ಹಿಗ್ಗಲು ಬೇಕಾದ ಎತ್ತರವನ್ನು ಪ್ರಯಾಣಿಕನ ತಲೆಯಿಂದಲೇ ಕಸಿದುಕೊಳ್ಳಬೇಕಾಗುತ್ತಿತ್ತು. ಗಾಳಿಯ ಚೀಲವಾದರೋ ಕೆಲವೇ ಅಂಗುಲಗಳ ದಪ್ಪದಲ್ಲಿ ಅದೇ ಕೆಲಸವನ್ನು ಮಾಡುತ್ತದೆ, ತೂಕವೂ ಇಲ್ಲ. ಆದರೆ ಅದಕ್ಕೆ ಎಷ್ಟು ಗಾಳಿ ತುಂಬಬೇಕೆಂಬುದು ಒಂದು ವಿದ್ಯೆ. ಸೈಕಲ್ ಪಂಪಿನಿಂದ ಬಿಗಿಯಾಗಿ ತುಂಬಿದರೆ ತಿರುವಿನಲ್ಲಿ ಮನುಷ್ಯ ಜಾರುತ್ತಾನೆ, ಹಳ್ಳ ಬಂದರೆ ಪುಟಿಯುತ್ತಾನೆ. “ಅರ್ಧಕ್ಕೂ ಕಮ್ಮಿ ಇರ್ಬೇಕು ಸಾರ್. ಕೂತ ಮೇಲೆ ಅದು ನಮ್ಮ ತೂಕ ನೋಡ್ಕೊಂಡು ತಾನೇ ಹಂಚ್ಕೊಳ್ಳತ್ತೆ” ಎಂದರು ಮೇಸ್ತ್ರಿಗಳು.

ಹಪ್ಪಳಗಟ್ಟಿದ ರಬ್ಬರಿಗೆ ಮರುಜೀವವಿಲ್ಲ. ಗಾಳಿಯಲ್ಲಿನ ಆಮ್ಲಜನಕವೂ ಬಿಸಿಲೂ ಸೇರಿ ಅದರ ಸ್ಥಿತಿಸ್ಥಾಪಕತ್ವವನ್ನು ತಿಂದುಹಾಕಿದ ಮೇಲೆ ಯಾವ ಎಣ್ಣೆ ಸವರಿದರೂ ಅದು ಮೃದುವಾಗದು. ಆದಕಾರಣ ಹಳೆಯ ಚೀಲವನ್ನು ಅಚ್ಚಾಗಿಟ್ಟುಕೊಂಡು ಹೊಸದನ್ನು ಮಾಡಬೇಕಾಯಿತು. ಮೊದಲು ಲಾರಿಯ ಟ್ಯೂಬನ್ನು ಕತ್ತರಿಸಿ, ಅಂಚುಗಳನ್ನು ಉಪ್ಪುಕಾಗದದಿಂದ ಉಜ್ಜಿ, ಸಲ್ಯೂಷನ್ ಹಚ್ಚಿ ಅಂಟಿಸಿದರಂತೆ. ಗಾಳಿ ನಿಂತಿತು, ಆದರೆ ಬಟ್ಟೆಯ ಬಲವಿಲ್ಲದ ಬರಿಯ ರಬ್ಬರು ನಡುವೆ ಉಬ್ಬಿ ಗುಮ್ಮಟವಾಯಿತು. ಕಡೆಗೆ ಅವರಿಗೆ ಹೊಳೆದದ್ದು ಆಸ್ಪತ್ರೆಯ ಹಾಸಿಗೆಗೆ ಹಾಸುವ ರಬ್ಬರು ಬಟ್ಟೆ. ವೈದ್ಯಕೀಯ ಸಾಮಗ್ರಿಯ ಅಂಗಡಿಯಿಂದ ಅದನ್ನು ಗಜದ ಲೆಕ್ಕದಲ್ಲಿ ಕೊಂಡುತಂದು, ಅಂಚನ್ನು ಎರಡು ಮಡಿಕೆ ಮಾಡಿ, ಪಂಕ್ಚರ್ ಅಂಗಡಿಯಲ್ಲಿ ಬಿಸಿಯ ಅಡಿ ಒತ್ತಿಸಿ, ಹಳೆಯ ಹಿತ್ತಾಳೆಯ ವಾಲ್ವನ್ನೇ ಹುಣಿಸೆಹಣ್ಣಿನಿಂದ ತಿಕ್ಕಿ ತೊಳೆದು ಕೂರಿಸಿದ್ದಾರೆ. ಬಟ್ಟೆಯನ್ನು ರಬ್ಬರಿನೊಡನೆ ಬೆಸೆಯುವ ವಿದ್ಯೆಗೆ 1823ರಲ್ಲಿ ಪೇಟೆಂಟ್ ಪಡೆದ ಚಾರ್ಲ್ಸ್ ಮ್ಯಾಕಿಂಟಾಷ್ ಕಾರ್ಖಾನೆ ತೆರೆದದ್ದು ಮ್ಯಾಂಚೆಸ್ಟರಿನಲ್ಲೇ. ಮೋಸ್ಲಿಯವರು ರಬ್ಬರಿನ ಉದ್ಯಮ ನಡೆಸಿದ್ದೂ ಆ ಊರಿನಲ್ಲೇ. ಇದಾವುದನ್ನೂ ಪುಸ್ತಕದಲ್ಲಿ ಓದದ ಮೇಸ್ತ್ರಿಗಳು, ಬೆರಳಿನ ಅನುಭವವೊಂದನ್ನೇ ನಂಬಿ, ಮೂಲ ತಯಾರಕರು ಹಿಡಿದಿದ್ದ ದಾರಿಗೇ ಬಂದು ಮುಟ್ಟಿದರೆಂಬುದು ನನಗೆ ಅತ್ಯಂತ ಸಂತೋಷದ ಸಂಗತಿ. ನಾನು ಆ ಆಸನದಲ್ಲಿ ಕೂತು ನೋಡಿದೆ. ಮೈಯ ಭಾರ ಒಂದು ಕಡೆಯಿಂದ ಇನ್ನೊಂದು ಕಡೆಗೆ ಮೆಲ್ಲಗೆ ಹರಿಯುವ ಆ ಅನುಭವ ಇಂದಿನ ಯಾವ ಫೋಮಿನ ಸೀಟಿನಲ್ಲೂ ದೊರೆಯದು.

ಬಲಗಡೆಯ ಆಸನದಲ್ಲಿ ಗಾಳಿಚೀಲವಿರಲಿಲ್ಲ. ತಳದಲ್ಲಿ ಗೋಣಿ, ಅದರ ಮೇಲೆ ಬೆರಳಿನಿಂದ ಬಿಡಿಸಿ ಹದಮಾಡಿದ ತೆಂಗಿನ ನಾರು, ಅದರ ಮೇಲೊಂದು ತೆಳುವಾದ ಹತ್ತಿಯ ಪದರ. ನಾರು ಒಂದೆಡೆಗೆ ಸರಿದು ಗಂಟಾಗದಿರಲೆಂದು ದಬ್ಬಣದಿಂದ ಹುರಿದಾರ ಹಾಯಿಸಿ, ಗೋಣಿಗೆ ಬಿಗಿದು ಹಾಕಿದ ಹೊಲಿಗೆಗಳು. ಇದು ಕಾರು ತಯಾರಾದ ಬರ್ಮಿಂಗ್‌ಹ್ಯಾಮಿನ ಕೆಲಸವಲ್ಲ, ತೆಂಗಿಗೆ ಬರವಿಲ್ಲದ ನಮ್ಮ ಸೀಮೆಯ ಕೆಲಸ. ಯಾವಾಗ ಮಾಡಿದ್ದು? ಆ ಪ್ರಶ್ನೆಗೆ ಉತ್ತರ ನಾರಿನ ಅಡಿಯಲ್ಲೇ ಸಿಕ್ಕಿತು. ತೇವಕ್ಕೆ ಕೊಳೆತಿದ್ದ ಒಂದು ಮೂಲೆಯಲ್ಲಿ ಹೊಲಿಗೆ ಬಿಡಿಸಿದಾಗ, ನಾರಿಗೂ ಗೋಣಿಗೂ ನಡುವೆ ಒಂದು ತೂತಿನ ಕಾಸು ಇತ್ತು. ಯುದ್ಧಕಾಲದಲ್ಲಿ ಲೋಹವನ್ನು ಉಳಿಸುವುದಕ್ಕಾಗಿ ನಡುವೆ ರಂಧ್ರ ಬಿಟ್ಟು 1943ರಿಂದ 1947ರವರೆಗೆ ಠಂಕಿಸಿದ, ರೂಪಾಯಿಗೆ ಅರವತ್ತನಾಲ್ಕರಂತೆ ಚಲಾವಣೆಯಲ್ಲಿದ್ದ ಕಾಸು ಅದು. ಇಸವಿ 1944 ಎಂದು ಸ್ಪಷ್ಟವಾಗಿ ಓದಬಹುದಾಗಿತ್ತು.

ಹೊಲಿಗೆಯ ಒಳಗೆ ಸಿಕ್ಕಿಬಿದ್ದ ಕಾಸಾದ್ದರಿಂದ ನಾರು ತುಂಬಿದ್ದು 1944ಕ್ಕಿಂತ ಮುಂಚೆ ಅಲ್ಲ. ಅಲ್ಲಿಂದ ಮುಂದಕ್ಕೆ ನಾನು ಊಹಿಸುವುದು ಹೀಗೆ. 1942ರಲ್ಲಿ ಮಲಯವೂ ಡಚ್ಚರ ದ್ವೀಪಗಳೂ ಜಪಾನಿನ ವಶವಾದ ಮೇಲೆ ಪ್ರಪಂಚದ ರಬ್ಬರಿನ ಬಹುಪಾಲು ಮಿತ್ರರಾಷ್ಟ್ರಗಳ ಕೈತಪ್ಪಿಹೋಯಿತು. ಟಯರು ಟ್ಯೂಬುಗಳಿಗೇ ಅಭಾವ, ಪೆಟ್ರೋಲಿಗೆ ರೇಷನ್, ಇದ್ದಿಲ ಗ್ಯಾಸಿನಿಂದ ಬಸ್ಸುಗಳು ಓಡುತ್ತಿದ್ದ ಕಾಲ. ಹೆಚ್ಚು ಬಳಕೆಯಾಗುವ ಚಾಲಕನ ಆಸನದ ಗಾಳಿಚೀಲ ಮೊದಲು ಒಡೆದಿರಬೇಕು. ಹೊಸದು ಇಂಗ್ಲೆಂಡಿನಿಂದ ಬರುವ ಸಂಭವವಿರಲಿಲ್ಲ. ಯಾರೋ ಒಬ್ಬ ಕುಶಲಿ, ಜಟಕಾ ಗಾಡಿಗಳ ಮೆತ್ತೆ ಹೊಲಿದು ಪಳಗಿದವನೇ ಇರಬಹುದು, ತನಗೆ ತಿಳಿದ ಸಾಮಗ್ರಿಯಿಂದ ತನಗೆ ತಿಳಿದ ರೀತಿಯಲ್ಲಿ ಅದನ್ನು ಸರಿಪಡಿಸಿದ. ಮಹಾಯುದ್ಧದ ಪರಿಣಾಮ ಒಂದು ಕಾರಿನ ಆಸನದ ಒಳಗೆ ಹೀಗೆ ದಾಖಲಾಗಿ ಉಳಿದಿದೆ.

ಕಾರಿನ ಯಜಮಾನರು ಸಜ್ಜನರು, ಎಲ್ಲವೂ ಕಾರ್ಖಾನೆಯಿಂದ ಹೊರಬಿದ್ದಾಗ ಇದ್ದಂತೆಯೇ ಆಗಬೇಕೆಂಬ ಆಸೆಯುಳ್ಳವರು. ನಾರನ್ನು ಕಿತ್ತುಹಾಕಿ ಬಲಗಡೆಗೂ ಗಾಳಿಚೀಲವನ್ನೇ ಇಡಬೇಕೆಂದು ಅವರ ಅಭಿಪ್ರಾಯವಿತ್ತು. ನಾನು ಅದಕ್ಕೆ ವಿರೋಧವಾಗಿ ನನ್ನ ಶಕ್ತಿಮೀರಿ ವಾದಿಸಿದೆನೆಂಬುದನ್ನು ಮರೆಮಾಚುವುದಿಲ್ಲ. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫೀವಾ 2012ರಲ್ಲಿ ಅಂಗೀಕರಿಸಿದ ಟ್ಯೂರಿನ್ ಸನ್ನದು ಹೊಸದಾಗಿಸುವುದಕ್ಕಿಂತ ಇದ್ದುದನ್ನು ಕಾಪಾಡುವುದಕ್ಕೇ ಪ್ರಾಶಸ್ತ್ಯ ಕೊಡುತ್ತದೆ. ನಮ್ಮ ದೇಶದ ನಿಯಮವಾದರೋ ಈ ವಿಷಯದಲ್ಲಿ ಮೌನ. 2021ರ ತಿದ್ದುಪಡಿಯಂತೆ ಮೊದಲ ನೋಂದಣಿಯಾಗಿ ಐವತ್ತು ವರ್ಷ ಮೀರಿದ ವಾಹನಕ್ಕೆ ವಿಂಟೇಜ್ ಎಂಬ ಮಾನ್ಯತೆಯೂ ‘ವಿಎ’ ಅಕ್ಷರಗಳುಳ್ಳ ಸಂಖ್ಯೆಯೂ ದೊರೆಯುತ್ತವೆ. ಮೂಲಸ್ವರೂಪ ಉಳಿದಿರಬೇಕೆಂದು ವಿಧಿಸಿ, ಗಣನೀಯ ಮಾರ್ಪಾಡೆಂದು ಅದು ಹೆಸರಿಸುವುದು ಚಾಸಿಸ್, ಬಾಡಿ, ಎಂಜಿನ್ನುಗಳಿಗೆ ಸಂಬಂಧಿಸಿದ್ದನ್ನು. ಆಸನವನ್ನು ಕಿತ್ತೆಸೆದರೂ ಕೇಳುವವರಿಲ್ಲ. ಒಳಗಿನ ಹೊದಿಕೆಯನ್ನೂ ಆ ಪಟ್ಟಿಗೆ ಸೇರಿಸುವುದು ಅಗತ್ಯವೆಂದು ನಾನು ತಿಳಿದಿದ್ದೇನೆ.

ವಾದವನ್ನು ಗೆದ್ದದ್ದು ಸನ್ನದೂ ಅಲ್ಲ, ನಾನೂ ಅಲ್ಲ. “ಇದನ್ನ ತುಂಬ್ದೋನೂ ಒಬ್ಬ ಮೇಸ್ತ್ರೀನೇ ಅಲ್ವಾ ಸಾರ್? ಎಪ್ಪತ್ತೆಂಬತ್ತು ವರ್ಷ ಜನ ಕೂತಿದ್ದಾರೆ, ಮೂಲೆ ಬಿಟ್ರೆ ಒಂದ್ ಹೊಲಿಗೆ ಜಾರಿಲ್ಲ. ನಾನ್ಯಾಕೆ ಕೀಳ್ಲಿ?” ಎಂದು ಮೇಸ್ತ್ರಿಗಳು ತಲೆಯೆತ್ತದೆ ಕೇಳಿದರು. ಯಜಮಾನರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಆಗಲಿ, ನಿಮ್ಮಿಷ್ಟ” ಎಂದರು. ಕೊಳೆತ ಮೂಲೆಯ ನಾರನ್ನಷ್ಟೇ ತೆಗೆದು ಹೊಸದನ್ನು ಸೇರಿಸಿ, ಮಿಕ್ಕದ್ದನ್ನು ಬಿಸಿಲಿಗೊಡ್ಡಿ ಧೂಳು ಕೊಡವಿ ಹಾಗೆಯೇ ಇಟ್ಟಿದ್ದಾರೆ.

ಚರ್ಮದ ಕೆಲಸ ಇದಕ್ಕಿಂತ ತಾಳ್ಮೆಯದು. ಹೊಲಿಗೆಯ ಅಂಚಿನಲ್ಲಿ ಒಳಕ್ಕೆ ಮಡಚಿಕೊಂಡು ಬೆಳಕು ಕಾಣದೆ ಉಳಿದಿದ್ದ ಅರ್ಧ ಅಂಗುಲದಲ್ಲಿ ಮೂಲದ ಬಣ್ಣ ಗಾಢವಾದ ಕೆಂಪಾಗಿ ಹೊಳೆಯುತ್ತಿತ್ತು. ನಾವು ಕಂದು ಎಂದುಕೊಂಡದ್ದು ವರ್ಷಗಳ ಬಿಸಿಲು ಕೊಟ್ಟ ಬಣ್ಣ. ಚರ್ಮದ ಒಳಮೈಯಲ್ಲಿ ಅದನ್ನು ಮೊದಲು ಕತ್ತರಿಸಿದವನು ಬರೆದ ಸೀಮೆಸುಣ್ಣದ ಅಂಕಿ ಇನ್ನೂ ಮಾಸಿಲ್ಲ. ಮೇಸ್ತ್ರಿಗಳು ಒದ್ದೆ ಬಟ್ಟೆಯಿಂದ ಕೊಳೆಯನ್ನು ಒರಸಿ, ಕುರಿಯ ಉಣ್ಣೆಯ ಜಿಡ್ಡಿನಿಂದ ತಯಾರಾದ ಲ್ಯಾನೋಲಿನ್ನನ್ನು ಅಂಗೈಯಿಂದ ಮೆಲ್ಲಗೆ ತೀಡಿ, ಒಂದೆರಡು ದಿನ ಬಿಟ್ಟು ಪುನಃ ತೀಡುತ್ತಾರೆ. ನಮ್ಮ ಮನೆಗಳಲ್ಲಿ ಚರ್ಮಕ್ಕೆ ಕೊಬ್ಬರಿ ಎಣ್ಣೆ ಸವರುವ ಅಭ್ಯಾಸ ಅವರಿಗೆ ಸರಿಬರದು, ಮಳೆಗಾಲದಲ್ಲಿ ಅದರ ಮೇಲೆ ಬೂಷ್ಟು ಹಿಡಿಯುತ್ತದೆಂದು. ಮರುಹೊಲಿಗೆಗೆ ಯಂತ್ರವನ್ನು ಮುಟ್ಟುವುದೇ ಇಲ್ಲ. ಯಂತ್ರದ ಸೂಜಿ ಹಳೆಯ ತೂತುಗಳ ನಡುವೆ ಹೊಸ ತೂತುಗಳನ್ನು ಕೊರೆದರೆ ಒಣಗಿದ ಚರ್ಮ ಅಂಚೆಚೀಟಿಯ ಹಾಳೆಯಂತೆ ಆ ಸಾಲಿನಲ್ಲೇ ಹರಿದುಬರುತ್ತದೆ. ಆದ್ದರಿಂದ ಹಳೆಯ ಒಂದೊಂದು ತೂತನ್ನೂ ಹುಡುಕಿ, ಮೇಣ ಹಚ್ಚಿದ ದಾರವನ್ನು ಎರಡು ಸೂಜಿಗಳಿಂದ ಎದುರುಬದುರು ಹಾಯಿಸಬೇಕು. ಪೂರಾ ಹರಿದ ಒಂದು ಪಟ್ಟಿಗೆ ಮಾತ್ರ ಹೊಸ ಚರ್ಮ ಬಂದಿದೆ. ಅದಕ್ಕೆ ಮೂಲದ ಕೆಂಪನ್ನು ಬಿಟ್ಟು, ಸುತ್ತಲಿನ ಮಾಸಿದ ಬಣ್ಣವನ್ನೇ ಕೊಟ್ಟಿದ್ದಾರೆ.

ಇಂಥ ಕೈಗಳು ಈ ಊರಿನಲ್ಲಿ ಉಳಿದುಬಂದದ್ದಕ್ಕೆ ಕಾರಣವೂ ಉಂಟು. ಸ್ವಾತಂತ್ರ್ಯಾನಂತರದ ಆಮದು ನಿರ್ಬಂಧಗಳ ದಶಕಗಳಲ್ಲಿ, 1954ರಲ್ಲಿ ಜನರಲ್ ಮೋಟರ್ಸಿನವರೂ ಬಾಗಿಲು ಹಾಕಿದ ಮೇಲೆ, ವಿದೇಶಿ ಕಾರುಳ್ಳವರಿಗೆ ಜಯಚಾಮರಾಜೇಂದ್ರ ರಸ್ತೆಯ ಅಂಗಡಿಗಳೂ ಶಿವಾಜಿನಗರದ ಗುಜರಿಯೂ ಇಂಥ ಗಲ್ಲಿಗಳ ಮೇಸ್ತ್ರಿಗಳೂ ಹೊರತು ಬೇರೆ ಗತಿಯಿರಲಿಲ್ಲ. ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯದಲ್ಲಿ, ಶ್ರೀರಂಗಪಟ್ಟಣದ ಬಳಿ ವೀರೇಂದ್ರ ಹೆಗ್ಗಡೆಯವರು ಆಗಮಾಡಿಸಿದ ‘ಪಯಣ’ದಲ್ಲಿ ಸಾಲುಗಟ್ಟಿ ನಿಂತ ಹಳೆಯ ಕಾರುಗಳನ್ನು ನೋಡಿ ಆನಂದಪಡುವವರು ಈಗ ಬಹಳ ಮಂದಿ. ಅಂಥ ಕಡೆಗಳಲ್ಲಿ ಒಂದಾದರೂ ಆಸನವನ್ನು ಅಡ್ಡಲಾಗಿ ಸೀಳಿ, ಅದರ ಪದರಗಳು ಕಾಣುವಂತೆ ಗಾಜಿನ ಪೆಟ್ಟಿಗೆಯಲ್ಲಿಟ್ಟರೆ ನೋಡುವವರಿಗೆ ಎಷ್ಟು ಉಪಕಾರವಾದೀತು!

ಬೇಬಿ ಆಸ್ಟಿನ್ನಿನ ಕೆಲಸ ಇನ್ನೂ ಮುಗಿದಿಲ್ಲ. ಬಾಗಿಲುಗಳ ರಟ್ಟು ನೀರು ಕುಡಿದು ಸೊಟ್ಟಗಾಗಿದೆ. ಅದಕ್ಕೆ ಪ್ಲೈವುಡ್ಡು ಬೇಡ, ದಪ್ಪ ರಟ್ಟೇ ಆಗಬೇಕೆಂದು ಈ ಸಲ ಹಟ ಹಿಡಿದವರು ಯಜಮಾನರೇ. ಛಾವಣಿಯ ಒಳಬಟ್ಟೆಯನ್ನು ನುಸಿ ತಿಂದುಹಾಕಿ, ಮರದ ಪಟ್ಟಿಯ ಅಡಿಯಲ್ಲಿ ಸಿಕ್ಕಿಕೊಂಡ ನಾಲ್ಕು ಬೆರಳಗಲದ ಬೂದುಬಣ್ಣದ ಉಣ್ಣೆಯ ತುಂಡೊಂದು ಮಾತ್ರ ಉಳಿದಿದೆ. ಅದನ್ನು ಜೇಬಿನಲ್ಲಿಟ್ಟುಕೊಂಡು ಅವರು ಚಿಕ್ಕಪೇಟೆಯ ಬಟ್ಟೆ ಅಂಗಡಿಗಳನ್ನು ಸುತ್ತುತ್ತಿದ್ದಾರೆ. ಈವರೆಗೆ ಸಿಕ್ಕಿದ ಕೋಟಿನ ಬಟ್ಟೆಗಳಲ್ಲಿ ಬಣ್ಣ ಸರಿಹೋದದ್ದು ದಪ್ಪದಲ್ಲಿ ಹೆಚ್ಚು, ದಪ್ಪ ಸರಿಹೋದದ್ದು ಬಣ್ಣದಲ್ಲಿ ಕಪ್ಪು. ಆಸನಗಳು ಒಳಗೆ ಹೋಗುವುದಕ್ಕೆ ಮೊದಲು ಛಾವಣಿಯನ್ನು ಬಿಗಿದು ಮುಗಿಸಬೇಕಾದ್ದರಿಂದ, ಬಟ್ಟೆ ಗೊತ್ತಾಗುವವರೆಗೆ ಗಾಳಿಯ ಆಸನವೂ ನಾರಿನ ಆಸನವೂ ಮಳಿಗೆಯ ಅಟ್ಟದ ಮೇಲೆ ಕಾಯಬೇಕು.